ಕಣ್ಣಿಗೆ ಬೀಳಬಾರದೆಂದು ಹೊಲಿದ ಬಟ್ಟೆ

ಈ ಸಲ ಶಾಲೆ ಶುರುವಾಗುವ ಮುಂಚೆ ಪಕ್ಕದ ಓಣಿಯ ಹೆಂಗಸೊಬ್ಬಳು ತನ್ನ ಮಗಳ ಯೂನಿಫಾರ್ಮಿಗೆಂದು ಮರೂನ್ ಬಣ್ಣದ ಪಾಪ್ಲಿನ್ ಬಟ್ಟೆ ತಂದುಕೊಟ್ಟು ಹೋದಳು. ಅಳತೆ ನೋಡಲು ಮಡಿಕೆ ಬಿಚ್ಚಿದೆ. ಹೊಸ ಬಟ್ಟೆಯ ಗಂಜಿ ವಾಸನೆ ಬಂತು. ಕತ್ತರಿ ಕೈಯಲ್ಲಿ ಹಿಡಿದು ನಾನು ಹಾಗೇ ಕೂತುಬಿಟ್ಟೆ.

ನಮ್ಮನೆಯವರು ತೀರಿಕೊಂಡದ್ದು ಸಂಕ್ರಾಂತಿಯ ನಂತರ. ಹೊಲಿಗೆ ಮಿಷನ್ನಿಗೆ ಹೊದಿಸಿದ್ದ ಹಳೆಯ ಸೀರೆಯನ್ನು ನಾನು ತೆಗೆದದ್ದೇ ಯುಗಾದಿ ಕಳೆದ ಮೇಲೆ. ಅವರ ಅಂಗಿಗಳು ಮೊಳೆಗೆ ನೇತಾಡುತ್ತಿವೆ, ಕನ್ನಡಕ ದೇವರ ಗೂಡಿನ ಪಕ್ಕದಲ್ಲಿದೆ, ಬೈಕು ಬಾಗಿಲ ಪಕ್ಕ ನಿಂತಿದೆ. ಅವನ್ನೆಲ್ಲ ದಿನವೂ ನೋಡುತ್ತೇನೆ, ನೋಡಿ ನೋಡಿ ಎದೆ ಸ್ವಲ್ಪ ಗಟ್ಟಿಯಾಗಿದೆ. ಈ ವಾಸನೆ ಬರುತ್ತದೆಂದು ಮಾತ್ರ ಅಂದುಕೊಂಡಿರಲಿಲ್ಲ. ಇದೇ ಬಣ್ಣದ, ಇದೇ ವಾಸನೆಯ ಬಟ್ಟೆಯ ಗಂಟನ್ನು ಅವರು ಎರಡು ವರ್ಷದ ಹಿಂದಿನ ಮಳೆಗಾಲದಲ್ಲಿ ಬೈಕಿನ ಹಿಂದೆ ಕಟ್ಟಿಕೊಂಡು ತಂದಿದ್ದರು. ನೆನೆಯದಿರಲೆಂದು ತಮ್ಮ ರೇನ್‌ಕೋಟು ಬಿಚ್ಚಿ ಗಂಟಿಗೆ ಸುತ್ತಿದ್ದರು. ತಾವು ಪೂರ್ತಿ ತೊಯ್ದಿದ್ದರು.

ಅವರ ಊರು ತೊಗರ್ಸಿ. ಮದುವೆಯಾದ ಮೇಲೆ ನಾವು ಶಿಕಾರಿಪುರಕ್ಕೆ ಬಂದು ನಿಂತೆವು. ಮಾರುಕಟ್ಟೆ ಯಾರ್ಡಿನ ಮೆಕ್ಕೆಜೋಳದ ಅಂಗಡಿಯೊಂದರಲ್ಲಿ ಅವರು ಗುಮಾಸ್ತರು, ನಾನು ಮನೆಯಲ್ಲಿ ಹೊಲಿಗೆ. ಮಗಳನ್ನು ರಾಣೆಬೆನ್ನೂರಿಗೆ ಕೊಟ್ಟ ಮೇಲೆ ಮನೆಯಲ್ಲಿ ಇಬ್ಬರೇ. ಅಂಗಡಿಯ ಮಾಲೀಕರನ್ನು ಎಲ್ಲರೂ ಸಾವ್ಕಾರ್ರು ಎನ್ನುತ್ತಿದ್ದರು. ಅವರು ಆ ವರ್ಷ ಶಿರಾಳಕೊಪ್ಪದ ರಸ್ತೆಗೆ ಒಂದು ಹೋಟೆಲು ಕಟ್ಟಿಸಿದರು. ಕೆಳಗೆ ಸಸ್ಯಾಹಾರಿ ಊಟ ತಿಂಡಿ, ಮೇಲೆ ಉಳಿದುಕೊಳ್ಳಲು ಕೋಣೆಗಳು. ಮ್ಯಾನೇಜರ್ ಯಾರು ಎಂಬ ಮಾತು ಬಂದಾಗ ಹೆಚ್ಚು ಯೋಚನೆ ಮಾಡಲಿಲ್ಲವಂತೆ. "ರುದ್ರಪ್ಪ, ಇಷ್ಟು ವರ್ಷ ಮೂಟಿ ಎಣಿಸಿದ್ದು ಸಾಕು. ಇನ್ನ ಇಡ್ಲಿ ಎಣ್ಸು" ಅಂದರಂತೆ.

ಮಳೆ ಆ ವರ್ಷ ತಡವಾಗಿ ಬಂತು, ಬಂದದ್ದು ಬಿಡಲಿಲ್ಲ. ಸೊರಬ, ಆನವಟ್ಟಿ ಕಡೆಯವರು ಗದ್ದೆ ತುಂಬಿತೆಂದು ಸಂತೋಷಪಟ್ಟರೆ ನಮ್ಮ ಕಡೆಯವರು ಜೋಳದ ಹೊಲದಲ್ಲಿ ನೀರು ನಿಂತಿತೆಂದು ಗೊಣಗುತ್ತಿದ್ದರು. ಹೋಟೆಲಿನ ಗೋಡೆಗೆ ಬಳಿದ ಬಣ್ಣ ಒಣಗಲಿಲ್ಲ. ಒಣಗದ ಗೋಡೆಯ ನಡುವೆಯೇ ಕೆಲಸಕ್ಕೆ ಜನ ತೆಗೆದುಕೊಳ್ಳುವ ಕೆಲಸ ನಡೆಯಿತು. ಹುಡುಗಿಯರ ಯೂನಿಫಾರ್ಮ್ ಹೊಲಿಯಲು ಸಾವ್ಕಾರ್ರು ನನಗೇ ಹೇಳಿದ್ದರು. ಕೆನೆ ಬಣ್ಣದ ಟಾಪು, ಮರೂನ್ ಪ್ಯಾಂಟು. ಹೀಗಾಗಿ ಟೇಪು ಹಿಡಿದು ನಾನೂ ಆ ದಿನ ಅಲ್ಲೇ ಇದ್ದೆ. ಕೈತೊಳೆಯುವ ಜಾಗದ ಪಕ್ಕ ಒಂದು ಪರದೆ ಕಟ್ಟಿ, ಆಯ್ಕೆಯಾದವರನ್ನು ಒಬ್ಬೊಬ್ಬರಾಗಿ ಕರೆದು ಅಳತೆ ತೆಗೆಯುತ್ತಿದ್ದೆ.

ಮುಬೀನಾ ಬಂದದ್ದು ಆಗ. ಆನವಟ್ಟಿಯಿಂದ ಬಸ್ಸಿನಲ್ಲಿ ಬಂದವಳು ಬಾಗಿಲಲ್ಲೇ ಕೊಡೆ ಮಡಚಿ, ಚಪ್ಪಲಿ ಬಿಟ್ಟು, ಒದ್ದೆ ಕಾಲನ್ನು ಗೋಣಿಚೀಲಕ್ಕೆ ಒರೆಸಿ ಒಳಗೆ ಬಂದಳು. ಕಪ್ಪು ಸ್ಕಾರ್ಫನ್ನು ಗದ್ದದ ಕೆಳಗೆ ಪಿನ್ ಹಾಕಿ ಕಟ್ಟಿದ್ದಳು. ಮುಖ ತೆರೆದೇ ಇತ್ತು. ಸಾವ್ಕಾರ್ರು ಮೇಜಿನ ಹಿಂದೆ, ನಮ್ಮನೆಯವರು ಪಕ್ಕದಲ್ಲಿ ನಿಂತಿದ್ದರು.

"ಬಿ.ಕಾಂ. ಮಾಡೀಯೇನು?" ಸಾವ್ಕಾರ್ರು ಕೇಳಿದರು.

"ಹೂಂ ಸರ್. ಕಂಪ್ಯೂಟರಲ್ಲಿ ಬಿಲ್ ಹಾಕೋದು ಗೊತ್ತು. ಆನವಟ್ಟೀಲಿ ಗೊಬ್ಬರದ ಅಂಗಡೀಲಿ ಒಂದು ವರ್ಷ ಮಾಡಿದೀನಿ."

"ಬಿಟ್ಟಿದ್ಯಾಕೆ?"

"ನಾನು ಬಿಡ್ಲಿಲ್ಲ ಸರ್, ಅಂಗಡೀನೇ ಮುಚ್ಚಿದ್ರು."

ಸಾವ್ಕಾರ್ರಿಗೆ ನಗು ಬಂತು. ಒಂದೆರಡು ಲೆಕ್ಕ ಕೇಳಿದರು, ಬಾಯಲ್ಲೇ ಹೇಳಿದಳು. ಆಮೇಲೆ ಅವಳು ಅಲ್ಲಿ ಇಲ್ಲವೇನೋ ಎಂಬಂತೆ ನಮ್ಮನೆಯವರ ಕಡೆ ತಿರುಗಿದರು. "ಹುಡುಗಿ ಚುರುಕು ಐತಿ. ಆದ್ರ ನೋಡು ರುದ್ರಪ್ಪ, ಗಲ್ಲಾದಾಗ ಕೂರೋರು ಬೆಳಿಗ್ಗೆ ಪೂಜಿ ಮಾಡ್ಬೇಕಲ್ಲ?"

ನಮ್ಮ ಕಡೆ ಅಂಗಡಿ ಹೋಟೆಲುಗಳಲ್ಲಿ ಅದು ನಡೆದುಕೊಂಡು ಬಂದದ್ದು. ಬೆಳಿಗ್ಗೆ ಮೊದಲ ಗಿರಾಕಿಯ ದುಡ್ಡು ಬೀಳುವ ಮುಂಚೆ ಗಲ್ಲಾಪೆಟ್ಟಿಗೆ ಒರೆಸಿ, ಕುಂಕುಮವಿಟ್ಟು, ಮೇಲಿನ ದೇವರ ಫೋಟೋಕ್ಕೆ ಊದಿನಕಡ್ಡಿ ಬೆಳಗಬೇಕು. ಗಲ್ಲಾದಲ್ಲಿ ಕೂರುವವರದೇ ಆ ಕೆಲಸ.

ನಮ್ಮನೆಯವರು ಬಾಯಿ ತೆರೆಯುವ ಮುಂಚೆ ಅವಳೇ ಹೇಳಿದಳು. "ಊದಿನಕಡ್ಡಿ ಹಚ್ತೀನಿ ಸರ್. ನಮ್ಮೂರ ದರ್ಗಾದಲ್ಲೂ ಗುರುವಾರ ಹಚ್ತೀವಿ. ಕುಂಕುಮ ಮಾತ್ರ ಬೇರೆ ಯಾರಾದ್ರೂ ಇಟ್ರೆ ಒಳ್ಳೇದು."

"ಕುಂಕುಮ ನಾನು ಇಡ್ತೀನಿ ಬಿಡ್ರಿ" ಅಂದರು ನಮ್ಮನೆಯವರು.

"ಇದು ವೆಜ್ ಹೋಟ್ಲು. ನೀನು ಮಧ್ಯಾಹ್ನ ಡಬ್ಬಿ ತರ್ತೀ..." ಸಾವ್ಕಾರ್ರು ಮುಂದುವರಿಸಿದರು.

"ಡಬ್ಬೀಲಿ ಅನ್ನ ಸಾರೇ ಇರುತ್ತೆ ಸರ್. ಬೇಕಾದ್ರೆ ದಿನಾ ತೆಗೆದು ತೋರಿಸ್ತೀನಿ."

ಪರದೆಯ ಹಿಂದೆ ನನ್ನ ಜೊತೆ ಇದ್ದ ಅಡುಗೆಯ ಸಾವಿತ್ರಮ್ಮ ನನ್ನ ತೋಳು ಚಿವುಟಿ, "ಮುಗೀತು ನೋಡು, ಸಾವ್ಕಾರ್ರ ಹತ್ರ ಕೇಳೋದು ಇನ್ನ ಒಂದೇ ಉಳಿದೈತಿ" ಎಂದು ಪಿಸುಗುಟ್ಟಿದಳು.

ಅದೇ ಬಂತು. "ಮತ್ತೆ ಆ ತಲಿ ಮ್ಯಾಲಿಂದು?"

"ಅದು ಇರುತ್ತೆ ಸರ್."

"ಇಲ್ಲಿರೋಷ್ಟು ಹೊತ್ತು ತೆಗ್ದಿಡು. ಬಸ್ ಹತ್ತುವಾಗ ಕಟ್ಕೋ. ಯಾರು ಬ್ಯಾಡ ಅಂತಾರ?"

"ಅದೊಂದು ಆಗಲ್ಲ ಸರ್."

ಅವಳ ದನಿ ಏರಲಿಲ್ಲ. ಊದಿನಕಡ್ಡಿಯ ಮಾತು ಎಷ್ಟು ಸಲೀಸಾಗಿ ಹೇಳಿದ್ದಳೋ ಇದನ್ನೂ ಅಷ್ಟೇ ಸಲೀಸಾಗಿ ಹೇಳಿದಳು. ಸಾವ್ಕಾರ್ರು, "ನನಗೇನಿಲ್ಲವ್ವ, ಗಿರಾಕಿ ಒಂದು ಮಾತು ಅಂದ್ರ ಹೆಸರು ಕೆಡೋದು ನನ್ನ ಹೋಟ್ಲಿಂದು" ಎಂದರು. ಆಗ ನಮ್ಮನೆಯವರು, "ಒಂದು ತಿಂಗಳು ನೋಡಾಣ ಸಾವ್ಕಾರ್ರೆ. ಬಿಲ್ ಹಾಕೋಕೆ ಬಂದವರೊಳಗೆ ಇವಳಷ್ಟು ಗೊತ್ತಿರೋರು ಯಾರೂ ಇಲ್ಲ" ಅಂದರು. ಇಪ್ಪತ್ತೈದು ವರ್ಷ ಆ ಮನುಷ್ಯನ ಕೈಕೆಳಗೆ ದುಡಿದವರು ಎದುರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಸಾವ್ಕಾರ್ರು ಶ್ರೀಶೈಲಕ್ಕೆ ಹೊರಡುವ ಗಡಿಬಿಡಿಯಲ್ಲಿದ್ದರು. ಎದ್ದು ಶಲ್ಯ ಕೊಡವಿಕೊಂಡು ಹೇಳಿದರು: "ಏನರ ಮಾಡು. ಗಿರಾಕಿ ಕಣ್ಣಿಗೆ ಅದು ಬೀಳಬಾರ್ದು, ಅಷ್ಟೇ."

ಪರದೆಯ ಹಿಂದೆ ಅಳತೆ ತೆಗೆಯುವಾಗ ಅವಳು ಮನೆಯ ವಿಷಯ ಹೇಳಿದಳು. ಅವಳ ತಂದೆ ಅನಾನಸ್ ಸಾಗಿಸುವ ಗಾಡಿ ಓಡಿಸುತ್ತಿದ್ದವರು, ಬೆನ್ನುಮೂಳೆಗೆ ಪೆಟ್ಟಾಗಿ ಮಲಗಿದ್ದರು. ತಂಗಿ ಸೊರಬದಲ್ಲಿ ಓದುತ್ತಿದ್ದಳು. ಅವಳ ದುಡಿಮೆಯ ಮೇಲೆ ಮನೆ ನಿಂತಿತ್ತು. "ಶಿವಮೊಗ್ಗದಲ್ಲಿ ಒಂದು ಹೋಟ್ಲಲ್ಲಿ ಫೋನಲ್ಲೇ ಸೆಲೆಕ್ಟ್ ಆಗಿದ್ದೆ ಆಂಟಿ. ಹೋಗಿ ಎದುರಿಗೆ ನಿಂತ ಮೇಲೆ ಜಾಗ ತುಂಬಿಹೋಯ್ತು" ಎಂದಳು. ಅಳತೆಗೆ ತೋಳು ಚಾಚಿ, "ದುಡ್ಡಿಗಷ್ಟೇ ಅಲ್ಲ, ಲೆಕ್ಕದ ಕೆಲಸ ನಂಗೆ ಇಷ್ಟ. ಸಂಜೆ ಎಲ್ಲ ಕೂಡಿಸಿದಾಗ ಸರಿ ಬಂದ್ರೆ ಎಷ್ಟು ಹಾಯಾಗುತ್ತೆ ಗೊತ್ತಾ" ಅಂದಳು.

ಬಟ್ಟೆಯ ಗಂಟು ಬಂದದ್ದು ಮಾರನೆಯ ದಿನ. ನಮ್ಮನೆಯವರು ತಲೆ ಒರೆಸಿಕೊಳ್ಳುತ್ತ ಹೇಳಿದರು: "ಎಲ್ಲಾ ಹೆಣ್ಮಕ್ಕಳಿಗೂ ತಲಿಗೆ ಕಟ್ಟೋ ಬಟ್ಟಿ ಹೊಲಿದು ಕೊಡು ಗಿರಿಜಾ. ಅಡುಗಿ ಮನ್ಯಾಗಿನೋರಿಗೂ, ಬಡಿಸೋರಿಗೂ. ಪ್ಯಾಂಟಿನ ಬಣ್ಣದ್ದೇ."

"ಯಾಕ್ರೀ?"

"ಕೂದ್ಲು ಮುಚ್ಚಿರ್ಬೇಕು ಅಂತ ಹ್ಯಾಂಗೂ ರೂಲ್ಸ್ ಐತಿ. ಎಲ್ರ ತಲಿ ಮ್ಯಾಲೂ ಒಂದೇ ಇದ್ರ ಅವಳದ್ದೊಂದು ಯಾರ ಕಣ್ಣಿಗೆ ಬೀಳ್ತೈತಿ?"

ಹೇಳಿ ಮುಗುಳ್ನಕ್ಕರು. ಸಾವ್ಕಾರ್ರ ಮಾತನ್ನು ಮೀರದೆ, ಹುಡುಗಿಯ ಮಾತನ್ನೂ ಮೀರದೆ ಒಂದು ದಾರಿ ಹುಡುಕಿದ್ದೇನೆಂಬ ಸಮಾಧಾನ ಅವರ ಮುಖದಲ್ಲಿತ್ತು. ನನಗೂ ಅದು ಸರಿಯೆನ್ನಿಸಿತು. ಆ ವಾರವೆಲ್ಲ ಮಳೆಯ ಸದ್ದಿನಲ್ಲಿ ಮಿಷನ್ ತುಳಿದೆ. ಉಳಿದವರದ್ದು ಮೂರು ಮೂಲೆಯದು, ಕಳೆ ಕೀಳುವ ಹೆಂಗಸರು ಕಟ್ಟುವಂತೆ ಹಿಂದಕ್ಕೆ ಗಂಟು. ಮುಬೀನಾಳದ್ದು ಉದ್ದ, ಕತ್ತು ಮುಚ್ಚುವಂತೆ. ಬಣ್ಣ ಒಂದೇ, ಅಂಚಿನ ಹೊಲಿಗೆ ಒಂದೇ.

ಕೊಡಲು ಹೋದ ದಿನ ಸಾವಿತ್ರಮ್ಮ ಬಟ್ಟೆ ತಿರುಗಿಸಿ ಮುರುಗಿಸಿ ನೋಡಿದಳು. "ಅತ್ತಿ ಮುಂದ ಸೆರಗು ಹೊತ್ತು ಹೊತ್ತು ಕೂದ್ಲು ಬೆಳ್ಳಗಾತು. ಅತ್ತಿ ಸತ್ತು ಈಗ ತಲಿ ಬಿಟ್ಕಂಡು ಆರಾಮಿದ್ದೆ. ರುದ್ರಣ್ಣ ಮತ್ತೆ ಹೊದಿಸ್ದ" ಎಂದಳು.

ಮುಬೀನಾ ತನ್ನದನ್ನು ಕೈಯಲ್ಲಿ ಹಿಡಿದು ಎಲ್ಲರ ತಲೆಯನ್ನೂ ಒಮ್ಮೆ ನೋಡಿದಳು. ಆಮೇಲೆ ಕನ್ನಡಿಯ ಮುಂದೆ ಹೋಗಿ, ಕಪ್ಪು ಬಟ್ಟೆಯ ಮೇಲೆಯೇ ಅದನ್ನು ಕಟ್ಟಿ, ಒಳಗಿನದನ್ನು ಎಳೆದು ತೆಗೆದು ಮಡಚಿ ಚೀಲಕ್ಕೆ ಹಾಕಿಕೊಂಡಳು. ಒಂದು ಕೂದಲೆಳೆಯೂ ಕಾಣಲಿಲ್ಲ.

ಶ್ರಾವಣದಲ್ಲಿ ಹೋಟೆಲು ಶುರುವಾಯಿತು. ಆ ಕೆಲವು ವಾರ ನಮ್ಮನೆಯವರು ಖುಷಿಯಾಗಿದ್ದರು. ಸಕ್ಕರೆ ಕಾಯಿಲೆಯಾದ್ದರಿಂದ ಅವರಿಗೆ ಹೋಟೆಲಿನ ಊಟ ಆಗುತ್ತಿರಲಿಲ್ಲ. ನಾನೇ ಮಧ್ಯಾಹ್ನ ರೊಟ್ಟಿ ಪಲ್ಯ ಒಯ್ಯುತ್ತಿದ್ದೆ. ಹೋದಾಗೆಲ್ಲ ಮುಬೀನಾ ಕೌಂಟರಿನ ಹಿಂದೆ ಬೆನ್ನು ನೆಟ್ಟಗೆ ಮಾಡಿ ಕೂತಿರುತ್ತಿದ್ದಳು. ಯಾರ್ಡಿನ ವ್ಯಾಪಾರಿಗಳು, ಬಸ್ಸು ತಪ್ಪಿದವರು, ಕಚೇರಿ ಕೆಲಸಕ್ಕೆ ಬಂದ ಹಳ್ಳಿಯವರು, ಎಲ್ಲರ ಒದ್ದೆ ನೋಟುಗಳನ್ನು ಬಿಡಿಸಿ ಪೆಟ್ಟಿಗೆಯಲ್ಲಿ ಜೋಡಿಸುತ್ತಿದ್ದಳು. ಬೆಳಿಗ್ಗೆ ನಮ್ಮನೆಯವರು ಕುಂಕುಮವಿಟ್ಟರೆ ಅವಳು ಊದಿನಕಡ್ಡಿ ಹಚ್ಚಿ ಅವರ ಕೈಗೆ ಕೊಡುವಳಂತೆ. ಅವರು ಬೆಳಗುವರು. ಯಾರೂ ಹೇಳಿಕೊಡದೆ ಅದು ಹಾಗೆ ಹೊಂದಿಕೊಂಡಿತ್ತು. ಮಧ್ಯಾಹ್ನ ಅಡುಗೆಯವರ ಜೊತೆ ಕೂತು ಡಬ್ಬಿ ಬಿಚ್ಚುವಾಗ ಸಾವಿತ್ರಮ್ಮ, "ತೋರಿಸವ್ವ, ಸಾವ್ಕಾರ್ರಿಗೆ ಮಾತು ಕೊಟ್ಟೀ" ಅನ್ನುವಳು. ಮುಬೀನಾ ಡಬ್ಬಿಯನ್ನು ಅವಳ ಮೂಗಿನ ಹತ್ತಿರ ಹಿಡಿಯುವಳು. "ಥೂ, ದಿನಾ ಟೊಮೇಟಿ ಸಾರು. ಸಾಬರ ಮನ್ಯಾಗ ಹುಟ್ಟಿ ಏನ್ ಸುಖ ಬಂತು ನಿಂಗೆ" ಎಂದು ಸಾವಿತ್ರಮ್ಮ ಅದರಲ್ಲೇ ರೊಟ್ಟಿ ಅದ್ದಿ ತಿನ್ನುವಳು.

ಗಿರಾಕಿಗಳು ಏನೂ ಅನ್ನಲಿಲ್ಲ. ಆ ಮಟ್ಟಿಗೆ ನಮ್ಮನೆಯವರ ಲೆಕ್ಕ ಸರಿಯಾಗಿತ್ತು. ಬಂದವರಿಗೆ ಬೇಕಾದದ್ದು ಬಿಸಿ ಚಹ.

ಗಣಪತಿ ಹಬ್ಬದ ಹತ್ತಿರ ಹೊರಗಿನೂರಿನ ಕೆಲವು ಹುಡುಗರು ತಿಂಡಿಗೆ ಬಂದಿದ್ದರು. ಸಾಲಾಗಿ ನಿಂತು ಬಡಿಸುವ ಹುಡುಗಿಯರನ್ನು ಒಬ್ಬ ಫೋನಿನಲ್ಲಿ ಫೋಟೋ ತೆಗೆದನಂತೆ. ಯಾರೂ ಅದನ್ನು ಗಮನಿಸಲಿಲ್ಲ. ಸಂಜೆಯ ಹೊತ್ತಿಗೆ ಆ ಫೋಟೋ ಊರಿನ ಫೋನುಗಳಲ್ಲೆಲ್ಲ ಇತ್ತು. ಕೆಳಗೆ ಬರೆದಿದ್ದರು: ಶಿಕಾರಿಪುರದ ಈ ಹೋಟೆಲಿನಲ್ಲಿ ಹಿಂದೂ ಹೆಣ್ಣುಮಕ್ಕಳಿಗೂ ಹಿಜಾಬ್ ಹಾಕಿಸುತ್ತಿದ್ದಾರೆ. ರಾಣೆಬೆನ್ನೂರಿನಿಂದ ಮಗಳು ಫೋನ್ ಮಾಡಿ, "ಅವ್ವ, ಇದು ಅಪ್ಪಾರ ಹೋಟ್ಲಲ್ವ?" ಅಂದಳು. ಫೋಟೋದಲ್ಲಿ ನನ್ನ ಹೊಲಿಗೆ ಸ್ಪಷ್ಟವಾಗಿ ಕಾಣುತ್ತಿತ್ತು.

ಮಾರನೆಯ ದಿನ ಊಟ ಒಯ್ದಾಗ ಹೋಟೆಲಿನ ಮುಂದೆ ಜನ ನಿಂತಿದ್ದರು. ಐದಾರು ಜನ ಯುವಕರು ಒಳಗೆ ಮೇಜಿನ ನಡುವೆ ನಿಂತು, "ಯಾರ್ರೀ ಮ್ಯಾನೇಜರು? ಎಷ್ಟು ತಿಂದೀರಿ ಅವರತ್ರ?" ಎಂದು ಕೇಳುತ್ತಿದ್ದರು. ನಮ್ಮನೆಯವರು ಕೈ ಕಟ್ಟಿ ನಿಂತು, "ಕೂದ್ಲು ಬೀಳಬಾರ್ದು ಅಂತ ಮಾಡ್ಸಿದ್ದಪ್ಪ" ಎಂದು ಅದನ್ನೇ ಮತ್ತೆ ಮತ್ತೆ ಹೇಳುತ್ತಿದ್ದರು. ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ, ಅದಕ್ಕೇ ಅವರ ದನಿಗೆ ಬಲವಿರಲಿಲ್ಲ.

ಸಾವಿತ್ರಮ್ಮ ಸೌಟು ಹಿಡಿದೇ ಅಡುಗೆಮನೆಯಿಂದ ಹೊರಗೆ ಬಂದಳು. "ಏ ತಮ್ಮಾ, ಸಾರಿನಾಗ ನನ್ನ ಕೂದ್ಲು ಸಿಕ್ರ ನೀ ತಿಂತೀಯೇನು? ನಾ ಕಟ್ಟಿದ್ದು ನಿಮ್ಮವ್ವ ಹೊಲದಾಗ ಕಟ್ತಾಳಲ್ಲ ಅದು."

"ನಿಮ್ದು ಬಿಡ್ರೀ. ಅವಳ್ದು?" ಅಂದ ಒಬ್ಬ. ಬೆರಳು ಕೌಂಟರಿನ ಕಡೆಗಿತ್ತು.

ಅಷ್ಟು ದಿನ ಅವಳದನ್ನು ಯಾರೂ ನೋಡಿರಲಿಲ್ಲ. ಈಗ ಕೂತವರು, ನಿಂತವರು, ಹೊರಗಿನವರು ಎಲ್ಲರೂ ನೋಡಿದರು. ಮುಬೀನಾ ಎದುರಿಗಿದ್ದ ಮುದುಕರೊಬ್ಬರಿಗೆ ಚಿಲ್ಲರೆ ಕೊಡುತ್ತಿದ್ದಳು. ಕೊಟ್ಟು ಮುಗಿಸಿದಳು. ಆಮೇಲೆ ಕೈಗಳನ್ನು ಮೇಜಿನ ಕೆಳಗೆ ಇಟ್ಟುಕೊಂಡಳು.

ಸಾವ್ಕಾರ್ರು ಸಂಜೆ ಬಂದರು. ಅವರು ಕೂಗಾಡಲಿಲ್ಲವೆಂದು ನಮ್ಮನೆಯವರು ಹೇಳಿದರು. ಕೂಗಾಡಿದ್ದರೆ ಚೆನ್ನಾಗಿತ್ತು ಎಂದೂ ಹೇಳಿದರು. "ಕಣ್ಣಿಗೆ ಬೀಳಬಾರ್ದು ಅಂದ್ರ ಇಡೀ ತಾಲೂಕಿಗೆ ಕಾಣೋ ಹಂಗ ಮಾಡಿದೆಯಲ್ಲೋ ರುದ್ರಪ್ಪ" ಅಂದು ಹಣೆ ಹಿಡಿದುಕೊಂಡರಂತೆ. "ಹುಡುಗಿ ಮ್ಯಾಲೆ ನಂಗೇನೂ ಇಲ್ಲ. ಒಳ್ಳೇ ಹುಡುಗಿ. ತಲಿ ಮ್ಯಾಲಿಂದು ತೆಗೆದು ನಾಳೆಯಿಂದಲೂ ಬರ್ಲಿ. ಇಲ್ಲಾಂದ್ರ ನೀನೇ ಹೇಳಿ ಕಳಿಸು. ಕರ್ಕೊಂಡಾಂವ ನೀನು."

"ನಿಮ್ಮ ತಾಯಿಯೋರು ಇವತ್ತಿಗೂ ಸೆರಗು ಹೊದ್ದೇ ಹೋಟ್ಲಿಗೆ ಬರ್ತಾರಲ್ಲ ಅಂತ ಹೇಳಬೇಕಿತ್ತು ನೀವು" ಅಂದೆ ನಾನು, ರಾತ್ರಿ ಊಟಕ್ಕೆ ಬಡಿಸುತ್ತ.

"ಹೇಳಿದೆ. ಅದು ಬ್ಯಾರೆ, ಇದು ಬ್ಯಾರೆ ಅಂದ್ರು."

"ಹೆಂಗೆ ಬ್ಯಾರೆ ಅಂತ ಕೇಳ್ಲಿಲ್ವ?"

ಅವರು ತಟ್ಟೆಯಲ್ಲಿದ್ದ ರೊಟ್ಟಿಯನ್ನು ಸಣ್ಣ ಚೂರುಗಳಾಗಿ ಮುರಿಯುತ್ತ ಕೂತರು. ತಿನ್ನಲಿಲ್ಲ.

ಉಳಿದ ಹೆಂಗಸರಿಗೆ ಬಿಳಿ ಕಾಗದದ ಟೋಪಿ ಬಂತು. ಕೌಂಟರಿಗೆ ಸಾವ್ಕಾರ್ರ ಸಂಬಂಧಿಕರ ಹುಡುಗನೊಬ್ಬ ಬಂದ. ಒಂದು ಮಧ್ಯಾಹ್ನ ಮುಬೀನಾ ನಮ್ಮ ಮನೆಗೆ ಬಂದಳು. ಯೂನಿಫಾರ್ಮನ್ನು ಒಗೆದು, ಇಸ್ತ್ರಿ ಮಾಡಿ, ಕವರಿಗೆ ಹಾಕಿ ತಂದಿದ್ದಳು. ಮೇಲೆ ಆ ಮರೂನ್ ಬಟ್ಟೆ. ಮಳೆ ಬಿಟ್ಟು ಬಿಸಿಲು ಬಿದ್ದಿತ್ತು, ಓಣಿಯಲ್ಲೆಲ್ಲ ಕೆಸರಿನ ವಾಸನೆ. ಒಳಗೆ ಕರೆದೆ. ಬಾಗಿಲ ಹತ್ತಿರವೇ ಕೂತಳು. ಚಹ ಕುಡಿದಳು.

"ಇದನ್ನ ಯಾಕೆ ವಾಪಸ್ ತಂದೆ, ನೀನೇ ಇಟ್ಕೋಬೇಕಿತ್ತು" ಅಂದೆ.

"ನಂದಲ್ಲ ಆಂಟಿ ಅದು." ಲೋಟ ಕೆಳಗಿಟ್ಟಳು. "ಸರ್‌ಗೆ ಒಂದು ಮಾತು ಹೇಳ್ತೀರಾ? ಅವರ ಎದುರಿಗೆ ನಂಗೆ ಹೇಳಕ್ಕೆ ಆಗಲ್ಲ. ಸ್ಕಾರ್ಫ್ ಇರಲಿ ಅಂತ ನಾನು ಕೇಳಿದ್ದೆ. ಅದನ್ನ ಬಚ್ಚಿಡಿ ಅಂತ ಕೇಳಿರಲಿಲ್ಲ. ನನ್ನೊಬ್ಬಳ ತಲೆ ಮೇಲೆ ನಂದು ಅಂತ ಇದ್ದಿದ್ರೆ ನಾಲ್ಕು ದಿನ ನೋಡಿ ಜನಕ್ಕೆ ರೂಢಿ ಆಗ್ತಿತ್ತೋ ಏನೋ. ಆಗದೇನೂ ಇರಬಹುದಿತ್ತು. ಅದನ್ನಾದ್ರೂ ನೋಡಬಹುದಿತ್ತು."

ಸಿಟ್ಟಿರಲಿಲ್ಲ ಎಂದು ಹೇಳಲಾರೆ. ಇತ್ತು. ಕಣ್ಣಲ್ಲಿ ನೀರೂ ಇತ್ತು. ಒರೆಸಿಕೊಳ್ಳದೆ ಎದ್ದು ಹೋದಳು.

ಆ ಮಾತನ್ನು ನಾನು ಅವರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು, ಮತ್ತೆ ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. "ಖರೆ ಐತಿ" ಅಂದರು. ಅಷ್ಟೇ. ಮಳೆಗಾಲ ಮುಗಿಯಿತು. ಜೋಳ ಕೊಯ್ಲಿಗೆ ಬಂತು, ರಸ್ತೆಯ ಮೇಲೆಲ್ಲ ಹಳದಿ ರಾಶಿಗಳು. ಅವರು ಅದೇ ಹೋಟೆಲಿನಲ್ಲೇ ಇದ್ದರು. ಆ ವಯಸ್ಸಿನಲ್ಲಿ ಬಿಟ್ಟು ಎಲ್ಲಿಗೆ ಹೋಗುತ್ತಾರೆ? ರಜೆಯ ದಿನಗಳಲ್ಲಿ ಮಾತ್ರ ಬೈಕು ತೆಗೆದುಕೊಂಡು ಹೊರಗೆ ಹೋಗಿ ಸಂಜೆಗೆ ಬರತೊಡಗಿದರು. ಕೇಳಿದರೆ, "ಒಂದು ಕೆಲಸ ಇತ್ತು" ಅನ್ನುವರು. ಬಂದವರು ಕಾಲು ತೊಳೆದು, ಗೋಡೆಗೆ ಒರಗಿ ಕೂರುವರು. ತೊಗರ್ಸಿಯ ಜಮೀನಿನ ತಕರಾರು ಇರಬೇಕೆಂದುಕೊಂಡು ನಾನು ಕೆದಕಲಿಲ್ಲ. ಮತ್ತೊಂದು ಮಳೆಗಾಲವೂ ಹೀಗೇ ಕಳೆಯಿತು.

ಈ ವರ್ಷ ಸಂಕ್ರಾಂತಿಯ ನಂತರದ ಒಂದು ಬೆಳಿಗ್ಗೆ ಹೋಟೆಲಿಗೆ ಹೊರಡಲು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದವರು ಮಂಚದ ಮೇಲೆ ಕೂತು, "ನೀರು ಕೊಡು" ಅಂದರು. ನಾನು ತಂಬಿಗೆ ತರುವಷ್ಟರಲ್ಲಿ ಮುಗಿದುಹೋಗಿತ್ತು.

ಶಿವಗಣಾರಾಧನೆಯಾಗಿ, ನೆಂಟರೆಲ್ಲ ಹೋಗಿ, ಮಗಳೂ ಹೊರಟ ಮೇಲೆ ಮುಬೀನಾ ಬಂದಳು. ತಡವಾಗಿ ಗೊತ್ತಾಯಿತಂತೆ. ಈ ಸಲ ಬಾಗಿಲ ಹತ್ತಿರ ಕೂರಲಿಲ್ಲ, ನೇರ ಒಳಗೆ ಬಂದು ನನ್ನ ಪಕ್ಕ ಕೂತಳು. ಆಮೇಲೆ ಅವಳೇ ಕೇಳಿದಳು: "ಸರ್ ನಿಮಗೆ ಹೇಳಿದ್ರಾ ಆಂಟಿ, ನಂಗೆ ಕೆಲಸ ಹುಡುಕ್ತಿದ್ದದ್ದು?"

ನನಗೆ ಗೊತ್ತಿರಲಿಲ್ಲ. ಅವಳು ಹೇಳುತ್ತ ಹೋದಳು. ಸೊರಬದಲ್ಲಿ, ಶಿರಾಳಕೊಪ್ಪದಲ್ಲಿ, ಆನವಟ್ಟಿಯಲ್ಲಿ, ಒಮ್ಮೆ ಸಾಗರದ ತನಕ. ಎಲ್ಲಿ ಹೊಸ ಹೋಟೆಲು, ಲಾಡ್ಜು ಆಗುತ್ತಿದೆ ಎಂದು ತಿಳಿದರೂ ಅವರು ಫೋನ್ ಮಾಡಿ ಕರೆಯುತ್ತಿದ್ದರಂತೆ. ಅವಳು ತಂಗಿಯನ್ನೋ ಅಮ್ಮನನ್ನೋ ಜೊತೆ ಮಾಡಿಕೊಂಡು ಬಸ್ಸಿನಲ್ಲಿ ಹೋಗುವಳು. ಅವರು ಬೈಕಿನಲ್ಲಿ ಬರುವರು. ಅವಳನ್ನು ಹೊರಗೆ ನಿಲ್ಲಿಸಿ ಮೊದಲು ತಾವೊಬ್ಬರೇ ಒಳಗೆ ಹೋಗುವರು. "ಇದು ನಮ್ಮ ಹುಡುಗಿ, ತಲೆ ಮೇಲೆ ಸ್ಕಾರ್ಫ್ ಇರುತ್ತೆ, ಅದು ಹಾಗೇ ಇರುತ್ತೆ ಅಂತ ಮೊದಲೇ ಹೇಳಿಬಿಡೋರು. ಬಚ್ಚಿಡದೆ. ಒಳಗಿಂದ ನಂಗೆ ಕೇಳಿಸ್ತಿತ್ತು."

"ಎಲ್ಲೂ ಆಗ್ಲಿಲ್ವ?"

ಇಲ್ಲವೆಂದು ತಲೆಯಾಡಿಸಿದಳು. ಈಗ ಮನೆಯಲ್ಲೇ ಮಕ್ಕಳಿಗೆ ಪಾಠ ಹೇಳುತ್ತಾಳೆ. ತಂಗಿಯ ಓದು ಅರ್ಧಕ್ಕೆ ನಿಂತಿದೆ.

ಸಂಜೆಯಾಗುವ ಮುಂಚೆ ಅವಳನ್ನು ಬಸ್ ನಿಲ್ದಾಣಕ್ಕೆ ಬಿಡಲು ಹೋದೆ. ಅವರು ಹೋದ ಮೇಲೆ ನಾನು ಮನೆಯ ಹೊರಗೆ ಕಾಲಿಟ್ಟದ್ದು ಅಂದೇ ಮೊದಲು. ನಿಲ್ದಾಣದ ಎದುರಿಗೆ ಹೊಸದೊಂದು ತಿಂಡಿ ಹೋಟೆಲು ಆಗಿತ್ತು. ಗಾಜಿನ ಮೇಲೆ ಕಾಗದ ಅಂಟಿಸಿದ್ದರು: ಬಿಲ್ಲಿಂಗ್ ಕೌಂಟರಿಗೆ ಹುಡುಗಿಯರು ಬೇಕಾಗಿದ್ದಾರೆ.

"ಇಲ್ಲೇ ನಿಂತಿರು" ಅಂದೆ.

"ಬೇಡ ಆಂಟಿ."

ನಾನು ರಸ್ತೆ ದಾಟಿ ಒಳಗೆ ಹೋದೆ. ಕೌಂಟರಿನಲ್ಲಿ ಚಿಕ್ಕ ವಯಸ್ಸಿನವನೊಬ್ಬ ಇದ್ದ. ಒಳ್ಳೆಯ ಮುಖ. "ಕೂತ್ಕೊಳ್ರಿ ಅಮ್ಮಾ, ಏನ್ ಕೊಡ್ಲಿ?" ಅಂದ.

"ಏನೂ ಬ್ಯಾಡಪ್ಪ. ಹೊರಗೆ ಕಾಗದ ಅಂಟಿಸೀರಲ್ಲ, ಅದಕ್ಕೆ ಬಂದೆ. ನಮ್ಮ ಹುಡುಗಿ ಒಬ್ಬಳಿದಾಳೆ. ಬಿ.ಕಾಂ. ಆಗೈತಿ. ಹೋಟ್ಲಿನಾಗ ಬಿಲ್ ಹಾಕಿ ರೂಢಿ ಐತಿ."

"ಹಂಗಾದ್ರೆ ನಾಳೇನೇ ಬರೋಕೆ ಹೇಳ್ರಿ, ನಮಗೂ ಅರ್ಜೆಂಟ್ ಐತಿ. ಎಲ್ಲಿದಾರೆ?"

ನಾನು ಕೈ ತೋರಿಸಿದೆ. ಅವನು ಸ್ವಲ್ಪ ಬಗ್ಗಿ ಗಾಜಿನಾಚೆ ನೋಡಿದ. ರಸ್ತೆಯ ಆ ಬದಿಯಲ್ಲಿ ಮುಬೀನಾ ಚೀಲವನ್ನು ಎದೆಗೆ ಹಿಡಿದು, ನಮ್ಮ ಕಡೆ ನೋಡದೆ, ಬಸ್ಸು ಬರುವ ದಿಕ್ಕನ್ನು ನೋಡುತ್ತ ನಿಂತಿದ್ದಳು.

"ತಲಿ ಮ್ಯಾಲಿನ ಬಟ್ಟಿ ಹಂಗೇ ಇರ್ತೈತಿ ಅವಳ್ದು" ಎಂದೆ.

ಅವನು ಕೂತುಕೊಂಡ. ಮೇಜಿನ ಮೇಲಿದ್ದ ಪೆನ್ನನ್ನು ಎತ್ತಿ ಬೇರೆ ಕಡೆ ಇಟ್ಟ. "ಮಾಲೀಕರನ್ನ ಕೇಳ್ಬೇಕಮ್ಮ. ನಿನ್ನೆ ಒಬ್ರು ಬಂದು ಹೋಗಿದಾರೆ, ಹೆಚ್ಚುಕಮ್ಮಿ ಅವರೇ ಆಗಬಹುದು."

"ಫೋನ್ ನಂಬರಾದ್ರೂ ಬರ್ಕೊಳ್ಳಪ್ಪ."

"ಬೇಕಾದ್ರೆ ನಾವೇ ಹೇಳಿ ಕಳಿಸ್ತೀವಿ ಅಮ್ಮಾ." ಯಾರಿಗೆ, ಎಲ್ಲಿಗೆ ಎಂದು ಅವನು ಕೇಳಲಿಲ್ಲ.

ಮೆಟ್ಟಿಲಿಳಿದು ಹೊರಗೆ ಬಂದೆ. ರಸ್ತೆ ದಾಟಲು ಎಷ್ಟು ಹೊತ್ತು ಬೇಕು, ಅಷ್ಟರಲ್ಲಿ ಏನು ಹೇಳಬೇಕೆಂದು ಯೋಚಿಸಿದೆ. ಆಗುತ್ತದೆ ಎನ್ನಲೇ, ನೋಡೋಣ ಅಂದರು ಎನ್ನಲೇ, ಬೇರೆ ಕಡೆ ಕೇಳೋಣ ಎನ್ನಲೇ. ಅವಳ ಹತ್ತಿರ ಹೋಗಿ ನಿಂತು, "ಆನವಟ್ಟಿ ಬಸ್ಸು ಎಷ್ಟು ಹೊತ್ತಿಗಂತೆ?" ಅಂದೆ.

ಮುಬೀನಾ ನನ್ನ ಮುಖ ನೋಡಿದಳು. ಆಮೇಲೆ ನನ್ನ ಕೈ ಹಿಡಿದುಕೊಂಡಳು.

"ಸರ್ ಕೂಡ ಹೀಗೇ ಆಂಟಿ. ಹೊರಗೆ ಬಂದ ಕೂಡಲೇ ಬಸ್ಸಿನ ವಿಷಯಾನೇ ಕೇಳೋರು."